ಒಳಗೆ ಬಿಟ್ಟ ಒಂದೂವರೆ ಇಂಚು

ಟೈಲರ್ ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಎಷ್ಟೋ ದಿನ ಅದು ತಲೆಯಲ್ಲೇ ಕೂತಿತ್ತು. ತಂಗಿ ಮದುವೆಗೆ ಅಂತ ಒಂದು ಪ್ಯಾಂಟ್ ಹೊಲಿಸಲು ಹೋಗಿದ್ದೆ. ಕಾಲೇಜು ಮುಗಿದ ಮೇಲೆ ಬಟ್ಟೆ ಹೊಲಿಸಿದ್ದೇ ಇಲ್ಲ, ಎಲ್ಲ ರೆಡಿಮೇಡ್. ಟೈಲರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಟೇಪು ಕೊರಳಿಗೆ ಹಾಕಿಕೊಂಡು ಎದುರಿಗೆ ನಿಂತು ಕೇಳಿದರು: “ಪ್ಯಾಂಟ್ ಎಲ್ಲಿ ನಿಲ್ಲಬೇಕು ನಿಮಗೆ? ಹೊಕ್ಕುಳ ಹತ್ರಾನಾ, ಕೆಳಗಾ?” ನಾನು ಫೋನ್ ತೆಗೆದು ಒಂದು ಫೋಟೋ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. “ಚೆನ್ನಾಗಿದೆ. ಆದ್ರೆ ಇವರು ಗೋಡೆಗೆ ಒರಗಿ ನಿಂತಿದಾರೆ. ನೀವು ದಿನಾ ಏನ್ ಮಾಡ್ತೀರಿ? ಕೂತಿರ್ತೀರಾ, ಓಡಾಡ್ತೀರಾ?” ಯೋಚನೆ ಮಾಡಿ ಬರ್ತೀನಿ ಎಂದು ಹೇಳಿ ಎದ್ದು ಬಂದೆ.

ಅಂಥ ಫೋಟೋಗಳು ನನ್ನ ಫೋನಿನಲ್ಲಿ 400ಕ್ಕೂ ಜಾಸ್ತಿ ಇದ್ದವು. ಎರಡು ವರ್ಷ ಕೂಡಿಟ್ಟದ್ದು. ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆಯುವ ಪಿಟ್ಟಿ ಊಮೊ ಎಂಬ ಗಂಡಸರ ಉಡುಪಿನ ಮೇಳಕ್ಕೆ ಬರುವವರು, ಟೋಕಿಯೋದ ಬೀದಿಯಲ್ಲಿ ಹಳೆಯ ಅಮೆರಿಕನ್ ಕೋಟು ತೊಟ್ಟ ಹುಡುಗರು, ಎಪ್ಪತ್ತರ ದಶಕದ ಅಗಲ ಕಾಲರಿನ ಶರ್ಟುಗಳು, ಸ್ಟುಡಿಯೋದ ಕಪ್ಪುಬಿಳುಪು ಚಿತ್ರಗಳು. ಒಂದೊಂದೂ ಚಂದ. ಅವನ್ನು ನೋಡಿ ಕೆಲವು ಸಾಮಾನು ತಂದೂ ಇದ್ದೆ. ಸಸ್ಪೆಂಡರ್, ಎರಡು ಬಣ್ಣದ ಶೂ, ತಲೆಗೆ ಪೊಮೇಡ್ ಡಬ್ಬಿ, ಗಡ್ಡಕ್ಕೆ ಎಣ್ಣೆ. ಯಾವುದೂ ಕೆಟ್ಟದ್ದಲ್ಲ. ಆದರೆ ಎಲ್ಲ ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಅಲ್ಲಿ ಕಾಣುತ್ತಿದ್ದದ್ದು ಆ ಫೋಟೋ. ನಾನು ಅದರ ಹಿಂದೆ ಎಲ್ಲೋ ನಿಂತಿದ್ದೆ. ಬಟ್ಟೆಯ ಬಗ್ಗೆ ಆಸೆ ಪಡುವುದು ನನಗೆ ಸಣ್ಣ ವಿಷಯ ಅಂತ ಯಾವತ್ತೂ ಅನ್ನಿಸಿಲ್ಲ. ಬೆಳಗ್ಗೆ ಎದ್ದು ಇವತ್ತು ಹೇಗೆ ಕಾಣಿಸಿಕೊಳ್ಳಲಿ ಎಂದು ಯೋಚಿಸುವುದರಲ್ಲಿ ಎದುರಿನವರಿಗೆ ಕೊಡುವ ಮರ್ಯಾದೆಯೂ ಇದೆ. ಹಾಗಾಗಿಯೇ ಆ ಪ್ರಶ್ನೆ ಅಷ್ಟು ಚುಚ್ಚಿತು.

ಟ್ರಂಕಿನಲ್ಲಿ ಸಿಕ್ಕಿದ್ದು

ಲಗ್ನಪತ್ರಿಕೆ ಕೊಡಲು ತಿಪಟೂರಿಗೆ ಹೋದಾಗ ದೊಡ್ಡಮ್ಮ ಟ್ರಂಕು ತೆಗೆದರು. ಅವರು ಹುಡುಕುತ್ತಿದ್ದದ್ದು ತಂಗಿಗೆ ಕೊಡಬೇಕೆಂದಿದ್ದ ಒಂದು ರೇಷ್ಮೆ ಸೀರೆ. ಸೀರೆಯ ಕೆಳಗೆ, ನುಸಿಗುಳಿಗೆಯ ವಾಸನೆಯ ನಡುವೆ, ದೊಡ್ಡಪ್ಪನ ಒಂದು ಪ್ಯಾಂಟ್ ಇತ್ತು. ಬೂದಿ ಬಣ್ಣದ ಟೆರಿಕಾಟ್. ದೊಡ್ಡಪ್ಪ ಹೋಗಿ ಒಂಬತ್ತು ವರ್ಷ ಆಯಿತು. ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕೆಲಸ ಖಾಯಂ ಆದ ವರ್ಷ, 1976ರಲ್ಲಿ, ಸ್ಟುಡಿಯೋಗೆ ಹೋಗಿ ಒಂದು ಫೋಟೋ ತೆಗೆಸಿಕೊಂಡಿದ್ದರು. ಅದು ಈಗಲೂ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಹಾಕಿರುವುದು ಇದೇ ಪ್ಯಾಂಟ್ ಅಂತೆ. ಬಿಳಿ ಅರ್ಧ ತೋಳಿನ ಶರ್ಟು, ಒಳಗೆ ಸಿಗಿಸಿದ್ದು. ಸೈಡ್ ಲಾಕ್ ಕಿವಿಯ ನಡುವಿನವರೆಗೆ. ಆ ಫೋಟೋದ ಕೆಳಗೆ ಊಟ ಮಾಡುತ್ತಲೇ ನಾನು ಬೆಳೆದವನು. ಆದರೆ ಅದನ್ನು ಬಟ್ಟೆಯ ಕಣ್ಣಿನಿಂದ ನೋಡಿರಲೇ ಇಲ್ಲ.

ಪ್ಯಾಂಟನ್ನು ಬೆಂಗಳೂರಿಗೆ ತಂದು ಆ ಟೈಲರಿಗೆ ಕೊಟ್ಟೆ. ಅವರು ಮೊದಲು ಅದನ್ನು ತಿರುಗಿಸಿ ಒಳಭಾಗ ಹೊರಗೆ ಮಾಡಿದರು. ಹೊರಗಿನ ಅಂದ ನೋಡಲೇ ಇಲ್ಲ. ಹಿಂಬದಿಯ ನಡು ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, “ಆಹಾ, ಎಷ್ಟು ಬಿಟ್ಟಿದಾನೆ ನೋಡಿ” ಎಂದರು. ಬ್ಲೇಡಿನ ಮೂಲೆಯಿಂದ ನಾಲ್ಕು ಬೆರಳಷ್ಟು ಹೊಲಿಗೆ ಬಿಚ್ಚಿ ಬಟ್ಟೆಯನ್ನು ಬಿಡಿಸಿ ಹಿಡಿದರು. ಹೊರಗೆ ಮಾಸಿ ಬೂದಿಯಾಗಿದ್ದ ಬಟ್ಟೆ ಒಳಗೆ ಬೇರೆ ಬಣ್ಣ ಇತ್ತು. ಗಾಢವಾದ, ಮಳೆಗೆ ಮುಂಚಿನ ಮೋಡದ ಹಾಗೆ. ಬಿಸಿಲು ಕಾಣದ, ಕಲ್ಲಿನ ಮೇಲೆ ಒಗೆಯುವಾಗಲೂ ಒಳಗೇ ಉಳಿದ 1976ರ ಬಣ್ಣ. ಅದರ ಉದ್ದಕ್ಕೂ ಸೂಜಿ ಚುಚ್ಚಿದ ಸಣ್ಣ ತೂತುಗಳ ಎರಡು ಸಾಲು. ಈಗ ಬಿಚ್ಚಿದ್ದು ಮೂರನೆಯ ಸಾಲು. ಟೈಲರ್ ಟೇಪು ಇಟ್ಟು ಓದಿದರು: “ಮೊದಲು ಸೊಂಟ 28. ಆಮೇಲೆ 29. ಕೊನೆಗೆ 30. ಎರಡು ಸಲ ಬಿಚ್ಚಿ ಅಗಲ ಮಾಡಿದಾರೆ. ಇನ್ನೂ ಅರ್ಧ ಇಂಚು ಉಳಿದಿದೆ.” ಹೊಲಿದವರು ಎರಡೂ ಬದಿ ಒಂದೂವರೆ ಇಂಚು ಬಟ್ಟೆಯನ್ನು ಒಳಗೆ ಬಿಟ್ಟಿದ್ದರು. ಮದುವೆ, ಎರಡು ಮಕ್ಕಳು, ನಡುವಯಸ್ಸು, ಅಷ್ಟಕ್ಕೆ ಒಂದೊಂದು ಬದಿಯಲ್ಲಿ ಒಂದು ಇಂಚು ಖರ್ಚಾಗಿತ್ತು.

ನಾನು ಹಾಕಿಕೊಂಡು ಹೋಗಿದ್ದ ಪ್ಯಾಂಟಿನ ಅಂಚನ್ನೂ ತಿರುಗಿಸಿ ತೋರಿಸಿದರು. ಓವರ್‌ಲಾಕ್ ಮಾಡಿದ, ಒಂದು ಸೆಂಟಿಮೀಟರ್ ಬಟ್ಟೆ. ಅದರಲ್ಲಿ ಬಿಡಲು ಏನೂ ಇಲ್ಲ. ಸಾವಿರಾರು ಪ್ಯಾಂಟ್ ಒಟ್ಟಿಗೆ ಕತ್ತರಿಸುವಾಗ ಪ್ರತಿ ಹೊಲಿಗೆಯಲ್ಲೂ ಒಂದು ಇಂಚು ಉಳಿಸಿದರೆ ಅದೇ ಎಷ್ಟೋ ಥಾನು ಬಟ್ಟೆ ಆಗುತ್ತದೆ, ಅವರ ಲೆಕ್ಕ ಅರ್ಥ ಆಗುತ್ತದೆ. ಆದರೆ ಹಾಗೆ ಹೊಲಿದ ಪ್ಯಾಂಟ್ ನನ್ನ ಇವತ್ತಿನ ಸೊಂಟಕ್ಕೆ ಮಾತ್ರ ಸೇರಿದ್ದು. ದೊಡ್ಡಪ್ಪನ ಪ್ಯಾಂಟ್ ಮುಂದೆ ಬರುವ ದೊಡ್ಡಪ್ಪನಿಗೂ ಜಾಗ ಇಟ್ಟುಕೊಂಡಿತ್ತು. ಲಂಡನ್ನಿನಲ್ಲಿ ಟೈಲರಿಂಗಿಗೇ ಹೆಸರಾದ ಸ್ಯಾವಿಲ್ ರೋ ಬೀದಿಯ ಟೈಲರುಗಳು ಈ ಒಳಬಟ್ಟೆಗೆ ಇನ್‌ಲೇ ಅನ್ನುತ್ತಾರೆ, ಇವತ್ತಿಗೂ ಬಿಡುತ್ತಾರೆ. ಈಗಿನ ಬ್ರಿಟನ್ ರಾಜ ಚಾರ್ಲ್ಸ್ 1984ರಲ್ಲಿ ಹೊಲಿಸಿದ ಕೋಟನ್ನೇ 2018ರಲ್ಲಿ ಕಿರಿಯ ಮಗನ ಮದುವೆಗೂ ಹಾಕಿಕೊಂಡು ಬಂದಿದ್ದರು. ತಿಪಟೂರಿನ ಮೇಷ್ಟ್ರಿಗೂ ಅವರ ಟೈಲರ್ ಅದೇ ವಿದ್ಯೆಯಿಂದ ಹೊಲಿದುಕೊಟ್ಟಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ತುಂಬ ಸಂತೋಷ ಆಗುತ್ತದೆ.

ಬಾಟಮ್ 20

1976 ಅಂದರೆ ಬೆಲ್ ಬಾಟಮ್ ಕಾಲ. ಹಡಗಿನ ನಾವಿಕರು ಹಾಕುತ್ತಿದ್ದ ಅಗಲ ಕಾಲಿನ ಪ್ಯಾಂಟ್ ಅರವತ್ತರ ದಶಕದಲ್ಲಿ ಅಮೆರಿಕ, ಇಂಗ್ಲೆಂಡಿನ ಹುಡುಗರ ಕೈಗೆ ಸಿಕ್ಕಿ, ಸಿನಿಮಾ ಮೂಲಕ ನಮ್ಮ ಊರುಗಳಿಗೂ ಬಂತು. ಬಾಟಮ್, ಅಂದರೆ ಕಾಲಿನ ಕೆಳ ಸುತ್ತಳತೆ, 24, 26, 28 ಇಂಚು ಅಂತ ಹುಡುಗರು ಪೈಪೋಟಿಯಲ್ಲಿ ಹೊಲಿಸುತ್ತಿದ್ದರಂತೆ. ದೊಡ್ಡಪ್ಪನದು ಎಷ್ಟಿತ್ತು ಅಂತ ಕೆಳಗಿನ ಹಳೆಯ ಹೊಲಿಗೆ ಗುರುತು ಅಳೆದು ನೋಡಿದೆವು. 20. ಆಮೇಲೆ ಯಾವಾಗಲೋ 17ಕ್ಕೆ ಇಳಿಸಿದ್ದಾರೆ. ಅದನ್ನೂ ಕತ್ತರಿಸಿಲ್ಲ. ಉಳಿದ ಬಟ್ಟೆಯನ್ನು ಒಳಗೇ ಮಡಚಿ ಹೊಲಿದಿದ್ದಾರೆ.

ಇಪ್ಪತ್ತೇ ಯಾಕೆ ಅಂತ ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಸೈಕಲ್ಲಲ್ವಾ? ಅದಕ್ಕಿಂತ ಅಗಲ ಆದ್ರೆ ಚೈನಿಗೆ ಸಿಕ್ಕೋದು.” ಅಷ್ಟೇ. ಫ್ಯಾಶನ್ ಅವರಿಗೂ ಬೇಕಿತ್ತು, ಇಪ್ಪತ್ತು ಅಂದರೆ ಕಡಿಮೆ ಏನಲ್ಲ. ಆದರೆ ಸೈಕಲ್ ಚೈನು ಎಲ್ಲಿ ಸಾಕು ಅನ್ನುತ್ತದೋ ಅಲ್ಲಿ ನಿಲ್ಲಿಸಿದರು. ಮಾತು ಮುಂದುವರಿದ ಹಾಗೆ ಒಂದೊಂದೇ ಹೊರಗೆ ಬಂತು. ಪ್ಯಾಂಟ್ ಹೊಕ್ಕುಳ ಹತ್ತಿರ ನಿಲ್ಲುತ್ತಿದ್ದದ್ದು ಯಾಕೆಂದರೆ ಬೋರ್ಡಿನ ಮೇಲ್ಗಡೆ ಬರೆಯಲು ಕೈ ಎತ್ತಿದಾಗ ಶರ್ಟು ಹೊರಗೆ ಬರಬಾರದು. ಬೂದಿ ಬಣ್ಣ ಯಾಕೆಂದರೆ ಸೀಮೆಸುಣ್ಣದ ಪುಡಿ ಕಾಣುವುದಿಲ್ಲ. ಅರ್ಧ ತೋಳು ಯಾಕೆಂದರೆ ಬೋರ್ಡು ಒರೆಸುವಾಗ ಕಫ್ ಕೊಳೆ ಆಗುತ್ತದೆ. ಫೋಟೋ ನೋಡಿದವರಿಗೆ ಅವರು ಎಪ್ಪತ್ತರ ದಶಕದ ಸ್ಟೈಲಿಶ್ ಗಂಡಸಿನ ಹಾಗೆ ಕಾಣುತ್ತಾರೆ. ಹೌದು, ಹಾಗೇ ಇದ್ದರು. ಆದರೆ ಆ ಸ್ಟೈಲಿನ ಒಂದೊಂದು ಇಂಚೂ ಅವರ ದಿನದಿಂದ ಬಂದದ್ದು. ಶಾಲೆ, ಸೈಕಲ್ಲು, ಬೋರ್ಡು, ತಿಂಗಳ ಸಂಬಳ, ಕಲ್ಲಿನ ಮೇಲೆ ಒಗೆಯುವ ದೊಡ್ಡಮ್ಮನ ಕೈ. ಟೈಲರ್ ನನ್ನನ್ನು ಕೇಳಿದ್ದೂ ಅದನ್ನೇ, ಅಲ್ವಾ?

ಇಲ್ಲಿ ಜಪಾನಿನವರ ವಿಷಯ ಹೇಳಬೇಕು. ಹಳೆಯ ಅಮೆರಿಕನ್ ಬಟ್ಟೆಯನ್ನು ಪ್ರೀತಿಸುವವರೆಲ್ಲ ಈಗ ಟೋಕಿಯೋ ಕಡೆ ನೋಡುತ್ತಾರೆ. ಅದು ಸುಮ್ನೆ ಆದದ್ದಲ್ಲ. ಕೆನ್ಸುಕೆ ಇಶಿಜು ಎಂಬವರು ವ್ಯಾನ್ ಜಾಕೆಟ್ ಕಂಪನಿ ಮಾಡಿ ಅಮೆರಿಕದ ಕಾಲೇಜು ಹುಡುಗರ ಉಡುಪನ್ನು ತಮ್ಮವರಿಗೆ ಕಲಿಸಿದರು. 1964ರ ಒಲಿಂಪಿಕ್ಸ್‌ಗೆ ಮುಂಚೆ, ಟೋಕಿಯೋದ ಗಿನ್ಜಾ ಬಡಾವಣೆಯ ಮಿಯುಕಿ ಬೀದಿಯಲ್ಲಿ ಹಾಗೆ ಉಡುಪು ತೊಟ್ಟು ನಿಲ್ಲುತ್ತಿದ್ದ ಹುಡುಗರನ್ನು ಪೊಲೀಸರು ಹಿಡಿದುಕೊಂಡೂ ಹೋಗಿದ್ದರು. ಶಾಲಾ ಯೂನಿಫಾರ್ಮ್ ಹೊಲಿಯುತ್ತಿದ್ದ ಕೊಜಿಮಾ ಎಂಬ ಊರು ಆಮೇಲೆ ಜೀನ್ಸಿಗೆ ಹೆಸರಾಯಿತು. ಅಲ್ಲಿನವರು ಅಮೆರಿಕದ ಜೀನ್ಸ್ ಬಿಚ್ಚಿ ದಾರ ಯಾವುದು, ಅಂಚು ಹೇಗೆ ನೇಯ್ದಿದ್ದಾರೆ, ಹೊಲಿಗೆ ಎಲ್ಲಿ ತಿರುಗುತ್ತದೆ ಅಂತ ನೋಡಿದರು. ಒಳಭಾಗ ಹೊರಗೆ ಮಾಡಿ ನೋಡಿದರು. ಅವರಿಂದ ನಾನು ಕೂಡಿಟ್ಟದ್ದು ಬರೀ ಹೊರಭಾಗದ ಫೋಟೋ.

ಕಿಟಕಿಯ ಸರಳಿಗೆ ಕಟ್ಟಿದ ಕನ್ನಡಿ

ದೊಡ್ಡಪ್ಪನ ಬಗ್ಗೆ ಯೋಚಿಸಿದರೆ ಪ್ಯಾಂಟಿಗಿಂತ ಮೊದಲು ನೆನಪಾಗುವುದು ಅವರ ಶೇವಿಂಗ್. ಬೇಸಿಗೆ ರಜೆಯಲ್ಲಿ ನಾವು ಮಕ್ಕಳೆಲ್ಲ ಅಲ್ಲೇ. ಭಾನುವಾರ ಬೆಳಗ್ಗೆ ಹಿತ್ತಲ ಕಿಟಕಿಯ ಸರಳಿಗೆ ಒಂದು ಕೈಗನ್ನಡಿ ಕಟ್ಟುತ್ತಿದ್ದರು. ಹಂಡೆಯಿಂದ ಒಂದು ಲೋಟ ಬಿಸಿನೀರು. ಬ್ರಶ್ಶನ್ನು ಅದರಲ್ಲಿ ನೆನೆಸಿ, ಗುಂಡು ಸೋಪಿನ ಮೇಲೆ ಸುತ್ತಿ ಸುತ್ತಿ ನೊರೆ ಎಬ್ಬಿಸುತ್ತಿದ್ದರು. ನೊರೆ ಮೊಸರಿನಷ್ಟು ದಪ್ಪ ಆಗುವವರೆಗೂ ಮುಖಕ್ಕೆ ಹಚ್ಚುತ್ತಿರಲಿಲ್ಲ. ಬ್ಲೇಡು ಹಳೆಯದಾಗಿದ್ದರೆ ಅದನ್ನು ಗಾಜಿನ ಲೋಟದ ಒಳಬದಿಗೆ ಒತ್ತಿ ಅತ್ತ ಇತ್ತ ಎಳೆಯುತ್ತಿದ್ದರು. ಇನ್ನೆರಡು ಶೇವಿಗೆ ಬರುತ್ತಿತ್ತು. ಮೊದಲ ಸಲ ಮೇಲಿನಿಂದ ಕೆಳಕ್ಕೆ. ಮತ್ತೆ ನೊರೆ ಹಚ್ಚಿ, ಎರಡನೆಯ ಸಲ ಕಿವಿಯಿಂದ ಮೂಗಿನ ಕಡೆಗೆ. ಚರ್ ಚರ್ ಅನ್ನುವ ಸದ್ದು ಬಾವಿಕಟ್ಟೆಯವರೆಗೆ ಕೇಳುತ್ತಿತ್ತು. ಪಟಿಕದ ತುಂಡು ಹಿಡಿದು ನಿಲ್ಲುವ ಕೆಲಸ ನನ್ನದು. ಕೈ ಚಾಚಿದ ತಕ್ಷಣ ಕೊಡಬೇಕು. ಒದ್ದೆ ಮುಖಕ್ಕೆ ಅದನ್ನು ಉಜ್ಜಿಕೊಂಡು ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಬಚ್ಚಲಿನಿಂದ ಮೈಸೂರು ಸ್ಯಾಂಡಲ್ ಸೋಪಿನ ಪರಿಮಳ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಸೋಪು. ಸ್ನಾನ ಮುಗಿಸಿ ಬಂದ ಹಿರಿಯರ ಮೈಯಿಂದ ಆ ವಾಸನೆ ಬಂದರೆ ಭಾನುವಾರ ಅಂತ ಅರ್ಥ.

ನಾನೂ ಈಗ ಹಳೆಯ ರೀತಿಯ ಸೇಫ್ಟಿ ರೇಜರಿಗೆ ಬದಲಾಗಿದ್ದೇನೆ. ಮೊದಲ ವಾರ ಕುತ್ತಿಗೆ ಉರಿಯಿತು. ಒತ್ತಬಾರದು, ರೇಜರಿನ ಭಾರವೇ ಸಾಕು. ಬ್ಲೇಡು ಕೆನ್ನೆಗೆ ಸುಮಾರು 30 ಡಿಗ್ರಿಯಲ್ಲಿ ತಾಗಬೇಕು. ಇದೆಲ್ಲ ಎಲ್ಲರೂ ಹೇಳುತ್ತಾರೆ. ಯಾರೂ ಹೇಳಲು ಆಗದ್ದು ನನ್ನ ಕೂದಲು ಯಾವ ಕಡೆ ಬೆಳೆಯುತ್ತದೆ ಅನ್ನುವುದು. ಎರಡು ದಿನ ಗಡ್ಡ ಬಿಟ್ಟು ಬೆರಳಿನಿಂದ ಸವರಿ ನೋಡಿದೆ. ಕುತ್ತಿಗೆಯ ಎಡಗಡೆ ಕೂದಲು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ, ಬಲಗಡೆ ಅಡ್ಡಕ್ಕೆ. ಇಷ್ಟು ವರ್ಷ ದಿನಾ ನೋಡಿಕೊಂಡ ಮುಖ. ಇದೊಂದು ಗೊತ್ತೇ ಇರಲಿಲ್ಲ. ಈಗ ಎಡಗಡೆ ಕೆಳಗಿನಿಂದ ಶುರು ಮಾಡುತ್ತೇನೆ. ಉರಿ ಇಲ್ಲ.

ಊರಿನ ಕಟಿಂಗ್ ಶಾಪಿನಲ್ಲೂ ಇದೇ ಪಾಠ ನಡೆಯುತ್ತಿತ್ತು ಅಂತ ಈಗ ಹೊಳೆಯುತ್ತದೆ. ಗೋಡೆಯ ಮೇಲೆ ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್. ಹುಡುಗರು ಬಂದು ಕೂತು ಬೆರಳು ತೋರಿಸಿ “ಹಂಗೆ ಮಾಡಿ” ಅನ್ನುತ್ತಿದ್ದರು. ಕಟಿಂಗ್ ಮಾಡುವವರು ಕತ್ತರಿ ತೆಗೆಯುವ ಮುಂಚೆ ನೆತ್ತಿಯ ಸುಳಿ ನೋಡುತ್ತಿದ್ದರು. “ನಿಂದು ಎಡಕ್ಕೆ ತಿರುಗಿದೆ, ಅಂಗೆ ನಿಲ್ಲಲ್ಲ, ಈ ಕಡೆ ಬೈತಲೆ ತೆಗೀತೀನಿ” ಅನ್ನುತ್ತಿದ್ದರು. ಹುಡುಗರಿಗೆ ಬೇಜಾರು. ಆದರೆ ಆ ಕ್ರಾಪು ಒಂದು ತಿಂಗಳು ಕೂತ ಹಾಗೆ ಕೂರುತ್ತಿತ್ತು. ಗೋಡೆಯ ಮೇಲಿದ್ದವರೂ ಹಾಗೇ ತಮ್ಮದನ್ನು ಕಂಡುಕೊಂಡವರು ಅಲ್ವಾ? ರಾಜ್‌ಕುಮಾರ್ ತೆರೆಯ ಮೇಲೆ ರಾಜನಿಂದ ರೈತನವರೆಗೆ ಎಲ್ಲ ವೇಷ ಹಾಕಿದರು. ಹೊರಗೆ ಬಂದರೆ ಬಿಳಿ ಪಂಚೆ, ಬಿಳಿ ಶರ್ಟು. ವಿಷ್ಣುವರ್ಧನ್ ಕೈಯ ಕಡಗ ಎಷ್ಟು ಅವರದೇ ಆಯಿತೆಂದರೆ, ಇವತ್ತಿಗೂ ಕಡಗ ಹಾಕಿದವರನ್ನು ಕಂಡರೆ ಅವರ ಅಭಿಮಾನಿ ಅಂತಲೇ ಜನ ಅಂದುಕೊಳ್ಳುತ್ತಾರೆ.

ಹಳೆಯದೆಲ್ಲ ಹಳೆಯದಲ್ಲ

ಒಂದು ಮಾತು, ಈ ದಾರಿಗೆ ಹೊಸದಾಗಿ ಬರುವವರಿಗೆ. ಹಳೆಯ ಕಾಲದ್ದು ಅಂತ ಮಾರುವುದೆಲ್ಲ ಹಳೆಯ ಕಾಲದ್ದಲ್ಲ. ಎಚ್‌ಎಂಟಿ ಕೈಗಡಿಯಾರವನ್ನೇ ತೆಗೆದುಕೊಳ್ಳಿ. ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಗಡಿಯಾರ ಕಾರ್ಖಾನೆ. ಅದು ಮುಚ್ಚಿದ ಮೇಲೆ ಜನತಾ, ಪೈಲಟ್ ಮಾದರಿಗಳಿಗೆ ಬೇಡಿಕೆ ಏರಿತು. ಹಿಂದೆಯೇ, ಕಾರ್ಖಾನೆ ಯಾವತ್ತೂ ಮಾಡದ ಬಣ್ಣಗಳ ಡಯಲ್ ಹಾಕಿ ಮಾರುವವರೂ ಬಂದರು. ಮಿಂಚುವ ಕಿತ್ತಳೆ, ಗಿಳಿಹಸಿರು. ಮುಚ್ಚಳ ತೆಗೆದು ಒಳಗಿನ ಯಂತ್ರ ತೋರಿಸಿ ಅಂತ ಕೇಳಿ. ನಾನು ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಬೆಳಗ್ಗೆ ಬೇಗ ಹೋಗಿ ಸುತ್ತುತ್ತೇನೆ. ಹಳೆಯ ಬೆಲ್ಟಿನ ಬಕಲ್, ಹಿತ್ತಾಳೆ ಗುಂಡಿ, ರೇಜರಿನ ಹಿಡಿ ಸಿಗುತ್ತವೆ. ಕೊಳ್ಳುವುದು ಕಡಿಮೆ. ಎತ್ತಿ, ತಿರುಗಿಸಿ, ಹಿಂಬದಿ ನೋಡಿ ಇಡುವುದೇ ಜಾಸ್ತಿ. ಕಣ್ಣು ಪಳಗುವುದು ಅಲ್ಲೇ.

ಒಂದು ಮೀಟರ್ ಮೂವತ್ತು

ಟೈಲರ್ ಹತ್ತಿರ ಮೂರನೆಯ ಸಲ ಹೋದಾಗ ಉತ್ತರ ತೆಗೆದುಕೊಂಡು ಹೋಗಿದ್ದೆ. ಒಂದು ವಾರ ನನ್ನ ದಿನವನ್ನೇ ಗಮನಿಸಿದ್ದೆ. ಒಂಬತ್ತು ಗಂಟೆ ಕುರ್ಚಿಯಲ್ಲಿ. ಮನೆಯಿಂದ ಮೆಟ್ರೋಗೆ ಒಂದು ಕಿಲೋಮೀಟರ್ ನಡಿಗೆ, ಇಳಿದ ಮೇಲೆ ಇನ್ನೊಂದು. ಮೆಟ್ರೋದಲ್ಲಿ ಕೂತರೆ ಜೇಬಿನಿಂದ ಫೋನ್ ಜಾರುತ್ತದೆ. ಮುಂದಕ್ಕೆ ಬಾಗಿ ಕೂತಾಗ ಪ್ಯಾಂಟ್ ಹಿಂದೆ ಕೆಳಗಿಳಿಯುತ್ತದೆ. ಎಲ್ಲ ಹೇಳಿದೆ. ಅವರು ಕಿವಿಗೊಟ್ಟು ಕೇಳುತ್ತ ಅಳತೆ ಪುಸ್ತಕದಲ್ಲಿ ಬರೆದುಕೊಂಡರು. ಹೊಕ್ಕುಳ ಕೆಳಗೆ ಎರಡು ಬೆರಳು ನಿಲ್ಲಿಸೋಣ, ಹಿಂಬದಿ ಮುಕ್ಕಾಲು ಇಂಚು ಎತ್ತರಿಸೋಣ. ಕೂರುವವರಿಗೆ ಮುಂದೆ ಒಂದೊಂದು ಪ್ಲೀಟ್ ಇದ್ದರೆ ತೊಡೆ ಹಿಡಿಯುವುದಿಲ್ಲ. ಸೈಡ್ ಜೇಬು ಒಂದು ಇಂಚು ಹೆಚ್ಚು ಆಳ. ಬಾಟಮ್ 16. “ಬಟ್ಟೆ ಒಂದು ಇಪ್ಪತ್ತು ಸಾಕು. ಒಂದು ಮೂವತ್ತು ತಗೊಂಡು ಬನ್ನಿ, ಒಳಗೆ ಬಿಡೋಣ.” ಚಿಕ್ಕಪೇಟೆಗೆ ಹೋಗಿ ಥಾನಿನಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಕತ್ತರಿಸಿಕೊಂಡು ಬಂದೆ. ಗಸಗಸೆ ಬಣ್ಣದ ಹತ್ತಿ ಬಟ್ಟೆ.

ಟ್ರಯಲ್ ದಿನ ಕಚ್ಚಾ ಹೊಲಿಗೆಯ ಬಿಳಿ ದಾರ ಇನ್ನೂ ಮೇಲೆ ಕಾಣುತ್ತಿತ್ತು. ಅವರು ನನ್ನನ್ನು ನಿಲ್ಲಿಸಲಿಲ್ಲ. ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. “ಆಫೀಸಲ್ಲಿ ಕೂತಂಗೆ ಕೂತ್ಕೊಳ್ಳಿ.” ನಾನು ಮುಂದಕ್ಕೆ ಬಾಗಿ, ಇಲ್ಲದ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕೂತೆ. ಅವರು ಮಂಡಿಯೂರಿ ಕೂತು, ತೊಡೆಯ ಹತ್ತಿರ ಬಟ್ಟೆ ಎಲ್ಲಿ ಬಿಗಿಯುತ್ತದೆ ನೋಡಿ, ಸೀಮೆಸುಣ್ಣದಿಂದ ಎರಡು ಗೆರೆ ಎಳೆದರು. ಅದೇ ಹೊತ್ತಿಗೆ ದೊಡ್ಡಪ್ಪನ ಪ್ಯಾಂಟಿನ ಬಿಚ್ಚಿದ ಹೊಲಿಗೆಯನ್ನೂ ಮತ್ತೆ ಹಾಕಿಕೊಟ್ಟರು. ಯಾವ ಸಾಲಿಗೆ ಹಾಕಲಿ ಅಂತ ಕೇಳಿದರು. ಹೊಕ್ಕುಳ ಹತ್ತಿರ ನನ್ನದೂ 30. ಮೂರನೆಯ ಸಾಲಿನ ತೂತುಗಳ ಮೇಲೆಯೇ ಸೂಜಿ ಓಡಿತು.

ಮದುವೆಗೆ ಹೊಸ ಪ್ಯಾಂಟ್ ಹಾಕಿಕೊಂಡೆ. ಮದುವೆ ಮುಗಿದು ತಿಪಟೂರಿಗೆ ದೊಡ್ಡಮ್ಮನನ್ನು ಬಿಡಲು ಹೋದ ದಿನ ಹಾಕಿದ್ದು ಹಳೆಯದು. ಕಾರಿನಿಂದ ಇಳಿದಾಗ ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಹತ್ತಿರ ಬಂದು ಮೊಣಕಾಲಿನ ಹತ್ತಿರ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದರು. “ಗೆರೆ ಸರಿಯಾಗಿ ಕೂತಿಲ್ಲ. ಅವರು ಹಿಂಗೆ ಹಾಕ್ಕೊಂಡು ಹೋಗ್ತಾನೇ ಇರ್ಲಿಲ್ಲ” ಎಂದರು. ಒಳಗೆ ಹೋಗಿ ಒಂದು ಪಂಚೆ ತಂದು ಕೊಟ್ಟು, ಪ್ಯಾಂಟ್ ಬಿಚ್ಚಿ ಕೊಡು ಎಂದರು. ಕೊಟ್ಟೆ. ಕಾಲುಗಳ ಹೊಲಿಗೆಗೆ ಹೊಲಿಗೆ ಸೇರಿಸಿ ಹಿಡಿದು, ನೀರಿನ ಕೈಯಿಂದ ಉದ್ದಕ್ಕೂ ಸವರಿದರು. ಆಮೇಲೆ ಹಾಸಿಗೆಯ ಅಂಚು ಎತ್ತಿ ಹಿಡಿ ಎಂದು ನನಗೆ ಹೇಳಿ, ಅದರ ಕೆಳಗೆ ನೇರವಾಗಿ ಮಲಗಿಸಿದರು.

“ಬೆಳಗ್ಗೆ ಎದ್ದು ಹಾಕ್ಕೋ,” ಎಂದರು. “ಇವತ್ತು ಇಲ್ಲೇ ಇರು.”